ಗಿರಾಕಿಯ ಸಾಕ್ಷಿ

ತನ್ನ ಮಜ್ಜಿಗೆ ಹುಳಿಯೆಂದು ಯಾವ ಮಜ್ಜಿಗೆಯವಳೂ ಕೂಗಿ ಮಾರುವುದಿಲ್ಲ. ಇದು ಲೋಕರೂಢಿ, ಇದರಲ್ಲಿ ತಪ್ಪು ಹಿಡಿಯಬೇಕಾದುದೂ ಇಲ್ಲ. ಮಾರುವವನು ತನ್ನ ಸರಕನ್ನು ಹೊಗಳುತ್ತಾನೆ. ಕೊಳ್ಳುವವನು ಆ ಹೊಗಳಿಕೆಯಲ್ಲಿ ಮುಕ್ಕಾಲುಪಾಲು ಕಳೆದು ಉಳಿದುದನ್ನು ಕಿವಿಗೆ ಹಾಕಿಕೊಳ್ಳುತ್ತಾನೆ. ಆದರೆ ಅದೇ ಮಜ್ಜಿಗೆಯನ್ನು ನಿನ್ನೆ ಕೊಂಡಿದ್ದ ನೆರೆಮನೆಯಾಕೆ ಬಾಗಿಲಿಗೆ ಬಂದು, “ತೆಗೆದುಕೊಳ್ಳಮ್ಮ, ಚೆನ್ನಾಗಿದೆ, ಉಪ್ಪು ಮಾತ್ರ ಸ್ವಲ್ಪ ಮುಂದು” ಎಂದರೆ ನಾವು ಆ ಮಾತಿನಲ್ಲಿ ಏನನ್ನೂ ಕಳೆಯುವುದಿಲ್ಲ. ಚೊಂಬು ಹಿಡಿದು ಹೊರಕ್ಕೆ ಬರುತ್ತೇವೆ. ಮಾರುವವಳ ಹತ್ತು ಮಾತು ಮಾಡಲಾರದ ಕೆಲಸವನ್ನು ಕುಡಿದವಳ ಒಂದು ಮಾತು ಮಾಡಿತು. ಈ ಒಂದು ಮಾತಿನ ಬೆಲೆಯೇನು, ಅದನ್ನು ಕೆಡಿಸದೆ ಬಳಸುವ ಬಗೆಯೇನು ಎಂಬುದೇ ನನ್ನ ಇಂದಿನ ವಿಷಯ.

ಈ ವಿಷಯ ಈಗೇಕೆ ಎಂದು ನೀವು ಕೇಳಬಹುದು. ಇಂದು ಅಂಗಡಿಯೆಂದರೆ ಬೀದಿಯ ಅಂಗಡಿ ಮಾತ್ರವಲ್ಲ. ಹೊಲಿಗೆಯವರು, ಹಪ್ಪಳ ಮಾಡುವವರು, ಟ್ಯೂಷನ್ ಹೇಳುವವರು, ಎಲ್ಲರೂ ಒಂದೊಂದು ಜಾಲತಾಣ ತೆರೆದು ಕುಳಿತಿದ್ದಾರೆ. ಆ ತಾಣಗಳಲ್ಲಿ ಹಲವನ್ನು ತೆರೆದು ನೋಡಿ: ನಡುವೆ ಎಲ್ಲೋ ಒಂದು ಕಡೆ ಗಿರಾಕಿಗಳ ಮೆಚ್ಚುಗೆಯ ಮಾತುಗಳು ಸಾಲಾಗಿ, ಒಂದರ ಹಿಂದೊಂದು, ತಾವಾಗಿಯೇ ಸರಿಯುತ್ತ ಹೋಗುತ್ತಿರುತ್ತವೆ. ಒಂದು ಮುಖ ಬಂದಿತು, ಐದು ನಕ್ಷತ್ರ ಹೊಳೆದುವು, ಎರಡು ಸಾಲು ಕಂಡುವು, ಓದಿ ಮುಗಿಸುವಷ್ಟರಲ್ಲಿ ಎಲ್ಲವೂ ಎಡಕ್ಕೆ ಜಾರಿ ಮತ್ತೊಂದು ಮುಖ ಬಂದಿತು. ನಮ್ಮ ನೆರೆಮನೆಯಾಕೆ ಬಾಗಿಲಲ್ಲಿ ನಿಲ್ಲದೆ, ಓಡುವ ರೈಲಿನ ಕಿಟಕಿಯಿಂದ ಕೂಗಿ ಹೇಳಿದಂತಾಯಿತು. ಇದು ಸರಿಯೆ?

ನಮ್ಮ ಹಿಂದಿನ ತಾರ್ಕಿಕರು ಈ ಪ್ರಶ್ನೆಯ ಬೇರನ್ನು ಚೆನ್ನಾಗಿ ತಿಳಿದಿದ್ದರು. ಅರಿವಿಗೆ ಸಾಧನಗಳು ನಾಲ್ಕೆಂದು ನ್ಯಾಯಶಾಸ್ತ್ರದ ಎಣಿಕೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಡೆಯದಾದ ಶಬ್ದವೆಂದರೆ ಆಪ್ತನ ಮಾತು. ಆಪ್ತನೆಂದರೆ ಇಲ್ಲಿ ನೆಂಟನೆಂದಲ್ಲ, ಗೆಳೆಯನೆಂದೂ ಅಲ್ಲ. ವಸ್ತುವನ್ನು ತಾನೇ ಕಂಡು ತಿಳಿದವನು, ಕಂಡುದನ್ನು ಕಂಡಂತೆ ಹೇಳಬೇಕೆಂಬ ಬಯಕೆಯುಳ್ಳವನು, ಅವನೇ ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಭಾಷ್ಯಕಾರ ವಾತ್ಸ್ಯಾಯನ ಹೇಳಿಬಿಟ್ಟಿದ್ದಾನೆ. ಎಂತಹ ವಿಶಾಲವಾದ ಮಾತು! ಹೇಳುವವನ ಕುಲವನ್ನೂ ಪದವಿಯನ್ನೂ ಕೇಳಬೇಡ. ಅವನು ಕಂಡಿದ್ದಾನೆಯೆ, ಕಂಡುದನ್ನೇ ಹೇಳುತ್ತಿದ್ದಾನೆಯೆ, ಅಷ್ಟನ್ನು ಕೇಳು. ಗಿರಾಕಿಯ ಸಾಕ್ಷಿಗೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ಇಂದಿನ ವ್ಯಾಪಾರಶಾಸ್ತ್ರವೂ ಕೊಡಲಾರದು.

ಹೊಗಳಿಕೆ ಬೇರೆ, ಸಾಕ್ಷಿ ಬೇರೆ. ಈ ಭೇದವನ್ನು ನೋಡಬೇಕಾದರೆ ನಮ್ಮ ಕೋಲಾರ ಸೀಮೆಯನ್ನು ಆಳಿದ ಗಂಗರ ತಾಮ್ರಶಾಸನಗಳನ್ನು ತೆರೆಯಬೇಕು. ತಮ್ಮನ್ನು ಕುವಳಾಲಪುರದ ಒಡೆಯರೆಂದು ಕರೆದುಕೊಂಡ ಅರಸರು ಅವರು. ಕುವಳಾಲವೆಂದರೆ ಇಂದಿನ ಕೋಲಾರವೇ. ಶಾಸನದ ಮೊದಲಲ್ಲಿ ಅರಸನ ಪ್ರಶಸ್ತಿ ಬರುತ್ತದೆ. ಅವನು ಕೊಡುಗೈಯಲ್ಲಿ ಕರ್ಣ, ಬಿಲ್ಲಿನಲ್ಲಿ ಅರ್ಜುನ. ಅವನ ತಂದೆಯೂ ಹಾಗೆಯೇ, ತಾತನೂ ಹಾಗೆಯೇ. ಶಾಸನದ ಕೊನೆಗೆ ಬಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಕೊಟ್ಟ ಭೂಮಿಗೆ ಮೂಡಲು ಯಾವ ಕಲ್ಲು, ತೆಂಕಲು ಯಾವ ಹಳ್ಳ, ಪಡುವಲು ಯಾವ ಮರ ಎಂಬ ಎಲ್ಲೆಗಳು. ಆಮೇಲೆ ಈ ದಾನಕ್ಕೆ ಸಾಕ್ಷಿ ಯಾರೆಂಬ ಮಾತು. ತೊಂಬತ್ತಾರು ಸಾಸಿರ ನಾಡಿನ ಪ್ರಜೆಗಳೇ ಸಾಕ್ಷಿಯೆಂದು ಬರೆಯುವುದು ಗಂಗರ ಶಾಸನಗಳಲ್ಲಿ ಒಂದು ಪದ್ಧತಿ. ಇಂದು ಇತಿಹಾಸ ಬರೆಯುವವರು ಮೊದಲ ಭಾಗದ ಹೊಗಳಿಕೆಯನ್ನು ಓದಿ ನಸುನಕ್ಕು ಮುಂದಕ್ಕೆ ಹೋಗುತ್ತಾರೆ. ಎಲ್ಲೆಯ ಹಳ್ಳವನ್ನೂ ಸಾಕ್ಷಿಯ ಹೆಸರನ್ನೂ ಭೂತಗನ್ನಡಿ ಹಿಡಿದು ನೋಡುತ್ತಾರೆ. ಒಂದೇ ತಗಡಿನ ಮೇಲೆ ಎರಡೂ ಉಂಟು. ಬೆಲೆ ಮಾತ್ರ ಬೇರೆ ಬೇರೆ.

ಸಾಕ್ಷಿಯೆಂದು ಬರೆದುದೆಲ್ಲವೂ ಸಾಕ್ಷಿಯಾಗುವುದಿಲ್ಲವೆಂಬುದನ್ನೂ ಇದೇ ತಗಡುಗಳು ಕಲಿಸುತ್ತವೆ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಹುಸಿಯೆಂದು ಫ್ಲೀಟ್ ವಾದಿಸಿದನು. ರೈಸ್ ಅದನ್ನು ಒಪ್ಪಲಿಲ್ಲ. ಈ ವಿದ್ವಾಂಸರ ವಾದ ಬಹುಕಾಲ ನಡೆಯಿತು. ಹುಸಿಯನ್ನು ಕಂಡುಹಿಡಿಯುವ ಬಗೆ ಹೇಗೆ? ಹೇಳುವ ಕಾಲಕ್ಕೂ ಬರೆದ ಲಿಪಿಗೂ ಹೊಂದಿಕೆಯುಂಟೆ, ತಿಥಿಗೂ ವಾರಕ್ಕೂ ತಾಳೆ ಬೀಳುತ್ತದೆಯೆ ಎಂದು ನೋಡುವುದು. ಅಂಥದನ್ನು ಕೂಟಶಾಸನವೆನ್ನುತ್ತೇವೆ, ಸುಳ್ಳು ಹೇಳುವ ಸಾಕ್ಷಿಗೆ ನಮ್ಮ ಧರ್ಮಶಾಸ್ತ್ರಗಳು ಕೂಟಸಾಕ್ಷಿಯೆಂದು ಹೆಸರಿಟ್ಟಿವೆ. ಈ ಹಳೆಯ ಪದವನ್ನು ನೆನಪಿಟ್ಟುಕೊಳ್ಳಿ. ಇಂದಿನ ಕಾಲದಲ್ಲಿ ಅದಕ್ಕೆ ಹೊಸ ಕೆಲಸ ಬಂದಿದೆ.

ಶಾಸನಗಳ ಕಾಲ ಬಹಳ ಹಿಂದಿನದಾಯಿತು ಎನ್ನುವವರಿಗೆ ನಮ್ಮ ಉರಿಗಾಮಿನದೇ ಒಂದು ಕಥೆಯಿದೆ. ಟಿಪ್ಪು ಸುಲ್ತಾನನ ಪತನವಾದ ಮೇಲೆ ಮೈಸೂರು ರಾಜ್ಯದ ಮೂಡಣ ಗಡಿಯನ್ನು ಅಳೆಯಲು ವಾರೆನ್ ಎಂಬ ಸೈನ್ಯದ ಅಧಿಕಾರಿ 1802ರಲ್ಲಿ ಈ ಕಡೆಗೆ ಬಂದಿದ್ದನು. ಇಲ್ಲಿಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ವದಂತಿ ಅವನ ಕಿವಿಗೆ ಬಿದ್ದಿತು. ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವೆನೆಂದು ಸಾರಿದನು. ಉರಿಗಾಮಿನ ಹಳ್ಳಿಗರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಕಣ್ಣೆದುರಿಗೇ ನೀರಿನಲ್ಲಿ ತೊಳೆದು, ಅಡಿಯಲ್ಲಿ ಉಳಿದ ಚಿನ್ನದ ಕಣಗಳನ್ನು ತೋರಿಸಿದರು. ವಾರೆನ್ ಲೆಕ್ಕ ಹಾಕಿದನು: ಇಂದಿನ ತೂಕದಲ್ಲಿ ಹೇಳುವುದಾದರೆ, ಸುಮಾರು 56 ಕಿಲೊಗ್ರಾಂ ಮಣ್ಣಿಗೆ ಒಂದು ಗ್ರೇನ್ ಚಿನ್ನ. ಗ್ರೇನ್ ಎಂದರೆ ಒಂದು ಗ್ರಾಮಿನ ಹದಿನೈದನೆಯ ಒಂದು ಪಾಲು.

ಆ ಸಾಕ್ಷಿಯ ಸ್ವರೂಪವನ್ನು ಗಮನಿಸಿ. “ಚಿನ್ನದ ರಾಶಿಯೇ ಬಿದ್ದಿದೆ” ಎಂದು ಅವನು ಬರೆಯಲಿಲ್ಲ. ಯಾವ ಊರು, ಯಾರು ತೋರಿಸಿದರು, ಹೇಗೆ ತೊಳೆದರು, ಎಷ್ಟಕ್ಕೆ ಎಷ್ಟು, ಇಷ್ಟನ್ನೇ ಬರೆದನು. ಹೇಳಿದ ಪ್ರಮಾಣವೂ ಅತ್ಯಲ್ಪ. ಆದರೆ ಆ ವರದಿ ಏಳು ದಶಕಗಳ ಕಾಲ ಕಾಗದದಲ್ಲಿ ನಿಂತಿತ್ತು. ಬೆಂಗಳೂರಿನಲ್ಲಿ ನೆಲಸಿದ್ದ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕನು ಅದನ್ನು ಓದಿ, ನಂಬಿ, ಇಲ್ಲಿಗೆ ಬಂದು ನೋಡಿ, 1873ರಲ್ಲಿ ಮೈಸೂರು ಸರ್ಕಾರಕ್ಕೆ ಗಣಿಯ ಅಪ್ಪಣೆಗಾಗಿ ಅರ್ಜಿ ಹಾಕಿಕೊಂಡನು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕೆಲಸಕ್ಕೆ ಕೈಹಾಕಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವ ಹೊತ್ತಿಗೆ ಈ ನೆಲದಿಂದ ಹೊರಬಂದಿದ್ದ ಚಿನ್ನ 800 ಟನ್ನಿಗೂ ಮಿಕ್ಕಿತ್ತು. ಅಂದಿನ ಹಳ್ಳಿಗರು ತೋರಿಸಿದ್ದು ಅಂಗೈಯಲ್ಲಿ ಹಿಡಿಯುವಷ್ಟೂ ಇರಲಿಲ್ಲ. ಅವರು ತೋರಿಸಿದ್ದನ್ನು ಕೂಡಿಸದೆ, ಕಳೆಯದೆ ಬರೆದಿಟ್ಟದ್ದರಿಂದಲೇ ಎಪ್ಪತ್ತು ವರ್ಷದ ಮೇಲೂ ಒಬ್ಬನು ಅದನ್ನು ನಂಬಿದನು.

ಗಣಿ ಮುಚ್ಚಿದ ಮೇಲೆ ಇಲ್ಲಿಯ ಸಂಸಾರಗಳ ಪಾಡು ನಿಮಗೆ ತಿಳಿದೇ ಇದೆ. ಸಾವಿರಾರು ಮಂದಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಮನೆಯಲ್ಲಿ ಉಳಿದವರು ಕೈಲಾದ ಕಸುಬನ್ನು ಹಿಡಿದಿದ್ದಾರೆ. ಗಣಿಯ ಕೆಲಸಗಾರನಿಗೆ ಗಿರಾಕಿಯ ಚಿಂತೆಯಿರಲಿಲ್ಲ. ಸಂಬಳ ತಿಂಗಳಿಗೆ ಬರುತ್ತಿತ್ತು. ಅವನ ಮಗಳಿಗೆ, ಸೊಸೆಗೆ ಇಂದು ಗಿರಾಕಿಯೇ ಗಣಿ. ಕಾಣದ ಊರಿನ, ಗುರುತಿಲ್ಲದ ಜನರು ತನ್ನ ಕೆಲಸವನ್ನು ನಂಬುವಂತೆ ಮಾಡಿಕೊಳ್ಳುವುದು ಅವಳಿಗೆ ಅಂದಚೆಂದದ ಮಾತಲ್ಲ, ಒಲೆ ಹೊತ್ತುವ ಮಾತು.

ಹಾಗೆ ನಂಬಿಕೆ ಗಳಿಸಿದ ಕಸುಬು ನಮ್ಮ ಪಕ್ಕದಲ್ಲಿಯೇ ಇದೆ. ಬಂಗಾರಪೇಟೆಯ ಪಾನಿಪೂರಿಯನ್ನು ಅರಿಯದವರುಂಟೆ? ಬೇರೆ ಕಡೆ ಪಾನಿಯೆಂದರೆ ಹಸಿರು ಬಣ್ಣದ ನೀರು. ಬಂಗಾರಪೇಟೆಯದು ಬಾವಿಯಿಂದ ಆಗತಾನೆ ಸೇದಿದ ನೀರಿನಂತೆ ತಿಳಿಯಾಗಿರುತ್ತದೆ. ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ತಿಂದವನು ಇನ್ನೊಬ್ಬನಿಗೆ ಹೇಳಿದ್ದು, “ರುಚಿಯಾಗಿದೆ” ಎಂದಷ್ಟೆ ಅಲ್ಲ. “ನೋಡಿದರೆ ಬರಿಯ ನೀರು, ಕುಡಿದರೆ ಕಣ್ಣಲ್ಲಿ ನೀರು” ಎಂಬಂತಹ ಒಂದು ಗುರುತಿನ ಮಾತು. ಆ ಗುರುತು ಬಾಯಿಂದ ಬಾಯಿಗೆ ಹರಿದು, ಇಂದು ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿ ಬಂಗಾರಪೇಟೆಯ ಹೆಸರು ಹೊತ್ತ ಅಂಗಡಿಗಳಾಗಿವೆ. ಊರಿನ ಹೆಸರೇ ಅಲ್ಲಿ ಶಿಫಾರಸು ಪತ್ರವಾಗಿದೆ. ಎಲ್ಲ ಕಡೆಯ ರುಚಿಯೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಆ ತಿಳಿನೀರಿನ ಗುರುತಿಲ್ಲದಿದ್ದರೆ ಹೆಸರು ಬಂಗಾರಪೇಟೆಯ ರೈಲುನಿಲ್ದಾಣವನ್ನೇ ದಾಟುತ್ತಿರಲಿಲ್ಲ.

ಇನ್ನು ಓಡುವ ಸಾಲಿನ ವಿಚಾರ. 1990ರ ದಶಕದ ನಡುವಿನಲ್ಲಿ ಜಾಲತಾಣ ಬರೆಯುವವರ ಕೈಗೆ ‘ಮಾರ್ಕೀ’ ಎಂಬ ಒಂದು ಆಜ್ಞೆ ಬಂದಿತು. ಅದನ್ನು ಬರೆದರೆ ಅಕ್ಷರಗಳು ತಾವೇ ಓಡತೊಡಗುತ್ತಿದ್ದುವು. ಮೊದಲಲ್ಲಿ ಎಲ್ಲರಿಗೂ ಅದೊಂದು ಸೋಜಿಗ. ಈಗ ಜಾಲತಾಣದ ಭಾಷೆಗೆ ನಿಯಮ ಮಾಡುವವರೇ ಅದನ್ನು ಬಳಕೆ ತಪ್ಪಿದ್ದೆಂದು ಸಾರಿ, ಬಳಸಕೂಡದೆಂದಿದ್ದಾರೆ. ಆದರೆ ಓಡಿಸುವ ಆಸೆ ಹೋಗಲಿಲ್ಲ. ಬೇರೆ ಸಾಧನಗಳಿಂದ ಇಂದೂ ಓಡಿಸುತ್ತಾರೆ. ಅದಕ್ಕೆ ಅವರು ಕೊಡುವ ಕಾರಣಗಳಿಲ್ಲದಿಲ್ಲ: ಜಾಗ ಉಳಿಯುತ್ತದೆ, ಚಲಿಸುವುದರ ಕಡೆಗೆ ಕಣ್ಣು ಹೊರಳುತ್ತದೆ, ಮಾತುಗಳು ಬಹಳ ಇವೆಯೆಂಬ ಭಾವ ಬರುತ್ತದೆ. ಕಣ್ಣು ಹೊರಳುವುದು ನಿಜ. ಆದರೆ ಕಣ್ಣು ಹೊರಳುವುದೇ ಬೇರೆ, ಮನಸ್ಸು ನಿಲ್ಲುವುದೇ ಬೇರೆ.

ಓದುವವರೆಲ್ಲರ ವೇಗವೂ ಒಂದೇ ಅಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಒಬ್ಬ ಹುಡುಗ ಸಾಲನ್ನು ನುಂಗುತ್ತಾನೆ. ಮತ್ತೊಬ್ಬ ಒತ್ತಕ್ಷರದ ಮೇಲೆ ಬೆರಳಿಟ್ಟು ಬಿಡಿಸುತ್ತಾನೆ. ಅದರಲ್ಲಿಯೂ ನಮ್ಮ ಉರಿಗಾಮಿನಲ್ಲಿ ಮನೆಯ ಮಾತು ತಮಿಳೋ ತೆಲುಗೋ ಉರ್ದುವೋ ಆಗಿರುವ ಮಕ್ಕಳು ಎಷ್ಟೋ ಮಂದಿ. ಕನ್ನಡದ ಸಾಲು ಅವರ ಪಾಲಿಗೆ ನಿಂತು ಓದಬೇಕಾದ ಸಾಲು. ಕಣ್ಣಿಗೆ ಪೊರೆ ಬಂದ ಮುದುಕರಿದ್ದಾರೆ. ಕಣ್ಣೇ ಕಾಣದೆ, ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರವನ್ನು ನಂಬಿದವರಿದ್ದಾರೆ. ಸಾಲು ತಾನೇ ಬದಲಾಗುತ್ತಿದ್ದರೆ ಆ ಯಂತ್ರ ತಬ್ಬಿಬ್ಬಾಗುತ್ತದೆ. ಆದ್ದರಿಂದಲೇ ಜಾಲತಾಣಗಳು ಎಲ್ಲರಿಗೂ ಎಟುಕಬೇಕೆಂದು 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಒಂದು ನಿಯಮವುಂಟು: ತಾನಾಗಿಯೇ ಚಲಿಸತೊಡಗುವ ಬರಹ ಉಳಿದ ಬರಹದ ಜೊತೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುವುದಾದರೆ, ಅದನ್ನು ನಿಲ್ಲಿಸುವ ಇಲ್ಲವೆ ಮರೆಮಾಡುವ ಉಪಾಯ ಓದುಗನ ಕೈಯಲ್ಲಿರಬೇಕು. ಇದು ದಯೆಯ ಮಾತಲ್ಲ, ನ್ಯಾಯದ ಮಾತು. ಕಚೇರಿಯಲ್ಲಿ ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದೇಕೆ? ಪಾಟೀಸವಾಲಿಗೆ ಸಿಕ್ಕಲಿ ಎಂದು. ನಿಲ್ಲದೆ ಓಡುವ ಸಾಕ್ಷಿಯನ್ನು ಪ್ರಶ್ನಿಸುವ ಬಗೆ ಹೇಗೆ?

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಕಾಗದ ಹಿಡಿದು ಬಂದಳು. ಮನೆಯಲ್ಲಿ ರವಿಕೆ ಹೊಲಿದು ಕೊಡುವುದು ಅವಳ ಕಸುಬು. “ಸಾರ್, ನನ್ನ ವೆಬ್‌ಸೈಟಿಗೆ ಹಾಕುವ ಮಾತು ಇವು, ಕನ್ನಡ ಸ್ವಲ್ಪ ತಿದ್ದಿಕೊಡಿ” ಎಂದಳು. ತಾಣ ಮಾಡಿಕೊಡುತ್ತಿದ್ದ ಹುಡುಗ ಬರೆದುಕೊಟ್ಟಿದ್ದ ಹನ್ನೆರಡು ಮೆಚ್ಚುಗೆಗಳು. “ಅತ್ಯುತ್ತಮ ಸೇವೆ”, “ಅದ್ಭುತ ಗುಣಮಟ್ಟ”, “ನೂರಕ್ಕೆ ನೂರು ತೃಪ್ತಿ.” ವ್ಯಾಕರಣದಲ್ಲಿ ತಿದ್ದುವುದೇನೂ ಇರಲಿಲ್ಲ. “ಇವನ್ನು ಯಾರು ಹೇಳಿದರಮ್ಮ?” ಎಂದೆ. “ಹೇಳಿದ್ದು ಬೇರೆ ಥರ ಸಾರ್, ಅದನ್ನು ಅವನು ಚೆನ್ನಾಗಿ ಮಾಡಿದ” ಎಂದಳು. ಬೇರೆ ಥರ ಹೇಳಿದ್ದನ್ನು ತೋರಿಸು ಎಂದಾಗ ಫೋನು ತೆಗೆದು ಓದಿದಳು. ಒಬ್ಬಾಕೆ ತಮಿಳಿನಲ್ಲಿ ಹೇಳಿದ್ದರ ಸಾರ ಇಷ್ಟು: ತೋಳು ಬಿಗಿಯಾಗಿತ್ತು, ಹೇಳಿ ಕಳುಹಿಸಿದೆ, ಮಾರನೆಯ ದಿನವೇ ಬಿಚ್ಚಿ ಸರಿಮಾಡಿದಳು, ಅದಕ್ಕೆ ಕಾಸು ಕೇಳಲಿಲ್ಲ. ಇನ್ನೊಬ್ಬಾಕೆ: ಮದುವೆಗೆ ಎರಡೇ ದಿನವಿತ್ತು, ಆರು ರವಿಕೆ ಕೊಟ್ಟೆ, ಆರೂ ಬಂದುವು.

“ಇವೇ ಸಾಕು, ಇವನ್ನೇ ಹಾಕು” ಎಂದೆ. “ತೋಳು ಬಿಗಿಯಾಗಿತ್ತು ಅಂತ ಹಾಕಿದರೆ ಮರ್ಯಾದೆ ಹೋಗುವುದಿಲ್ಲವೆ ಸಾರ್?” ಎಂದು ಅವಳ ಅಳುಕು. ಮರ್ಯಾದೆ ಬರುವುದೇ ಅಲ್ಲಿಂದ ಎಂದು ನಾನು ಹೇಳಿದೆ. ಹೊಲಿಗೆಯಲ್ಲಿ ತೋಳು ಬಿಗಿಯಾಗುವುದು ಯಾರ ಕೈಯಲ್ಲಿಯೂ ಉಂಟು. ಮಾರನೆಯ ದಿನವೇ ಬಿಚ್ಚಿ ಸರಿಮಾಡುವುದು ಎಲ್ಲರ ಕೈಯಲ್ಲಿಲ್ಲ. “ಅತ್ಯುತ್ತಮ ಸೇವೆ” ಎಂಬ ಮಾತನ್ನು ರವಿಕೆಗೂ ಹಾಕಬಹುದು, ಸಿಮೆಂಟಿಗೂ ಹಾಕಬಹುದು, ಆಸ್ಪತ್ರೆಗೂ ಹಾಕಬಹುದು. ಎಲ್ಲಕ್ಕೂ ಹೊಂದುವ ಮಾತು ಯಾವುದಕ್ಕೂ ಸಾಕ್ಷಿಯಲ್ಲ. ಅಲಂಕಾರಶಾಸ್ತ್ರ ಓದಿದ ನಾನೇ ಅಲಂಕಾರ ಬೇಡವೆಂದುದು ಅವಳಿಗೆ ಬೆರಗಾಗಿರಬೇಕು.

ತಾಣ ಮಾಡಿಸುವವರಿಗೆ ಹೇಳುವ ಮಾತು ಆದ್ದರಿಂದ ಹೆಚ್ಚಿಲ್ಲ. ಮೆಚ್ಚುಗೆಗಳು ಮೂರಿರಲಿ, ನಾಲ್ಕಿರಲಿ, ನಿಂತಿರಲಿ. ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರು, ಊರು, ಹೇಳಿದ ತಿಂಗಳು, ವರ್ಷ ಹಾಕಿ. ಪೂರ್ಣ ಹೆಸರು ಬೇಡವೆಂದವರ ಇಷ್ಟವನ್ನು ನಡೆಸಿ. ಅವರ ಮಾತನ್ನು ಚಿಕ್ಕದು ಮಾಡಬಹುದು, ದೊಡ್ಡದು ಮಾಡಬಾರದು. ಬೇರೆ ಭಾಷೆಯಲ್ಲಿ ಹೇಳಿದ್ದರೆ ಆ ಭಾಷೆಯಲ್ಲಿಯೇ ಇಟ್ಟು ಕೆಳಗೆ ಕನ್ನಡ ಕೊಡಿ. ಮದುವೆಯ ರವಿಕೆಯ ಮಾತು ಮದುವೆಯ ರವಿಕೆಯ ಚಿತ್ರದ ಪಕ್ಕದಲ್ಲಿಯೇ ಇರಲಿ. ಬೇಕಾದವರ ಕಣ್ಣಿಗೆ ಬೇಕಾದಾಗ ಬೀಳುತ್ತದೆ. ಮಾತುಗಳು ಬಹಳವಿದ್ದು, ಫೋನಿನ ಪುಟ್ಟ ಪರದೆಯಲ್ಲಿ ಒಂದೊಂದಾಗಿಯೇ ತೋರಿಸಬೇಕಾಗಿ ಬಂದರೆ, ಸರಿಸುವ ಗುಂಡಿ ಓದುವವನ ಬೆರಳಿಗಿರಲಿ. ಅವನು ತಳ್ಳಿದರೆ ಸರಿಯಲಿ, ಬಿಟ್ಟರೆ ನಿಲ್ಲಲಿ. ಪುಸ್ತಕದ ಹಾಳೆಯನ್ನು ತಿರುವುವುದು ಓದುಗನ ಹಕ್ಕಲ್ಲವೆ?

ಕೂಟಸಾಕ್ಷಿಯ ಮಾತಿಗೆ ಬರೋಣ. ಬೆಳಗಿನ ರೈಲಿಗೆ ಹೋಗುವ ನಮ್ಮ ಹುಡುಗರಲ್ಲಿ ಒಬ್ಬನು ಕೆಲಸ ಕೊಡಿಸುವ ತರಬೇತಿಯೆಂದು ನಂಬಿ ಬೆಂಗಳೂರಿನ ಒಂದು ಸಂಸ್ಥೆಗೆ, ತಾಯಿಯ ಬಳೆಯ ಮೇಲೆ ಸಾಲ ತಂದು, ಹಣ ಕಟ್ಟಿದನು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದರ ತಾಣದಲ್ಲಿ, ಕೆಲಸ ಸಿಕ್ಕಿತೆಂದು ಹರ್ಷಪಡುವ ಮುಖಗಳು ಎಡೆಬಿಡದೆ ಸರಿಯುತ್ತಿದ್ದುವು. ತರಬೇತಿ ಮುಗಿಯಿತು, ಕೆಲಸ ಬರಲಿಲ್ಲ. ಆಮೇಲೆ ನನ್ನೆದುರಿಗೆ ಕುಳಿತು ಅದೇ ಸಾಲನ್ನು ಬೆರಳಿನಿಂದ ತಡೆ ತಡೆದು ನೋಡಿದಾಗ, ಯಾವ ಮುಖಕ್ಕೂ ಊರಿಲ್ಲ, ಕೆಲಸ ಕೊಟ್ಟ ಕಂಪೆನಿಯ ಹೆಸರಿಲ್ಲ, ವರ್ಷವಿಲ್ಲ. ಎರಡು ಬೇರೆ ಬೇರೆ ಹೆಸರಿನವರು ಒಂದೇ ವಾಕ್ಯವನ್ನು ಅಕ್ಷರ ಬಿಡದೆ ಹೇಳಿದ್ದರು. ಸಾಲು ನಿಂತಿದ್ದರೆ ಆ ಹುಡುಗನೇ ಇದನ್ನು ಮೊದಲೇ ಕಾಣುತ್ತಿದ್ದನೇನೊ. ಓಡುತ್ತಿದ್ದುದರಿಂದ ಕಂಡದ್ದು ನಗುವ ಮುಖ ಮಾತ್ರ. ಬಳೆ ಇನ್ನೂ ಅಡವಿನಲ್ಲಿದೆ.

ಇದನ್ನು ತಡೆಯಲು ಸರ್ಕಾರವೂ ಸುಮ್ಮನಿಲ್ಲ. ಮಂತ್ರಮಾಯೆಯ ಔಷಧಿಗಳ ಜಾಹೀರಾತನ್ನು ಹತೋಟಿಗೆ ತರಲು 1954ರಲ್ಲಿಯೇ ಒಂದು ಕಾನೂನಾಯಿತು. ಗ್ರಾಹಕ ಸಂರಕ್ಷಣೆಯ 2019ರ ಅಧಿನಿಯಮದ ಕೆಳಗೆ 2022ರ ಜೂನಿನಲ್ಲಿ ಹೊರಬಂದ ಮಾರ್ಗಸೂಚಿಗಳು, ಸರಕನ್ನು ಮೆಚ್ಚಿ ಹೇಳುವವರ ಮಾತು ಅವರ ನಿಜವಾದ ಅಭಿಪ್ರಾಯವೇ ಆಗಿರಬೇಕು, ಸರಕಿನ ವಿಷಯದಲ್ಲಿ ಸಾಕಷ್ಟು ತಿಳಿವಳಿಕೆ ಇಲ್ಲವೆ ಅನುಭವವನ್ನು ಆಧರಿಸಿರಬೇಕು ಎನ್ನುತ್ತವೆ. ಅದೇ ವರ್ಷದ ನವೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆ, ಗ್ರಾಹಕರ ವಿಮರ್ಶೆಗಳನ್ನು ಕೂಡಿಸುವುದಕ್ಕೂ ಪ್ರಕಟಿಸುವುದಕ್ಕೂ ಐಎಸ್ 19000 ಎಂಬ ಮಾನಕವನ್ನು ಕೊಟ್ಟಿತು. 2023ರ ನವೆಂಬರಿನಲ್ಲಿ ಜಾಲತಾಣಗಳ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿದಾಗ, ಜಾಹೀರಾತನ್ನೇ ಬಳಸಿದವರ ಮಾತಿನ ವೇಷದಲ್ಲಿ ನಿಲ್ಲಿಸುವುದೂ ಅದರಲ್ಲಿ ಸೇರಿತು. ವಾತ್ಸ್ಯಾಯನನ ಆಪ್ತನೇ ಸರ್ಕಾರಿ ಕಾಗದದ ಮೇಲೆ ಬಂದು ಕುಳಿತಂತಾಯಿತು. ಆದರೂ ಕಾನೂನು ಕೈಹಿಡಿಯುವುದು ಮೋಸವಾದ ಮೇಲೆ. ಮೊದಲ ಕಾವಲು ನಮ್ಮದೇ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಣ ಕಟ್ಟುವ ಮೊದಲು ಓಡುವ ಸಾಲನ್ನು ನಿಲ್ಲಿಸಿ. ಹೇಳಿದವರಿಗೆ ಊರುಂಟೆ, ಹೇಳಿದ್ದಕ್ಕೆ ದಿನವುಂಟೆ, ಈ ಒಂದು ಸರಕಿಗೇ ಸಲ್ಲುವ ವಿಷಯ ಆ ಮಾತಿನಲ್ಲಿ ಒಂದಾದರೂ ಉಂಟೆ ಎಂದು ನೋಡಿ. ಸಾಧ್ಯವಾದರೆ ಹೇಳಿದವರಲ್ಲಿ ಒಬ್ಬರನ್ನಾದರೂ ಕೇಳಿ. ಹಾಗೆಯೇ ನಿಮಗೆ ಒಳ್ಳೆಯ ಕೆಲಸ ಮಾಡಿಕೊಟ್ಟ ಬಡ ಕಸುಬಿನವರಿಗೆ ಒಂದು ಮಾತು ಬರೆದುಕೊಡುವುದನ್ನು ಮರೆಯಬೇಡಿ. “ಸೂಪರ್” ಎಂದು ಒಂದು ಪದ ಒತ್ತಿ ಕೈತೊಳೆದುಕೊಳ್ಳಬೇಡಿ. ಏನು ಮಾಡಿಸಿದಿರಿ, ಹೇಗೆ ಬಂದಿತು, ಏನು ಕೊರತೆಯಾಯಿತು, ಅದನ್ನು ಹೇಗೆ ಸರಿಪಡಿಸಿದರು, ಎರಡು ಸಾಲು ಬರೆಯಿರಿ. ಊರಿನ ಹೆಸರನ್ನೂ ತಿಂಗಳನ್ನೂ ಹಾಕಿ. ಅವರಿಗೆ ಕೊಡುವ ಹಣ ಒಂದು ದಿನದ ಅಡುಗೆಗೆ ಆಗುತ್ತದೆ. ಈ ಎರಡು ಸಾಲು, ನಿಜವಾಗಿದ್ದರೆ, ನೀವು ನೋಡದ ಊರಿನ ಗಿರಾಕಿಯನ್ನು ಅವರ ಬಾಗಿಲಿಗೆ ಕರೆತರುತ್ತದೆ.